ಪೈರಿನ ಹಸಿವೂ ಮಲೆನಾಡಿನ ಮಣ್ಣೂ

ಮನುಷ್ಯನಿಗೆ ಹಸಿವಾದರೆ ಬಾಯಿಬಿಟ್ಟು ಕೇಳುತ್ತಾನೆ. ದನಕ್ಕೆ ಹಸಿವಾದರೆ ಕೂಗುತ್ತದೆ, ಕಣ್ಣಿ ಹರಿದುಕೊಂಡು ಬೇಲಿ ನುಗ್ಗುತ್ತದೆ. ನೆಟ್ಟಲ್ಲಿಯೇ ನಿಂತಿರಬೇಕಾದ ಪೈರಿಗೆ ಇವೆರಡೂ ಸಾಧ್ಯವಿಲ್ಲ. ಆದರೂ ಅದು ಸುಮ್ಮನಿರುವುದಿಲ್ಲ. ಎಲೆಯ ಬಣ್ಣವನ್ನು ಬದಲಿಸುತ್ತದೆ, ತೆಂಡೆಗಳನ್ನು ಕಡಿಮೆ ಮಾಡುತ್ತದೆ, ಬೇರನ್ನು ದೂರಕ್ಕೆ ಚಾಚುತ್ತದೆ, ಕೆಲವೊಮ್ಮೆ ಬೇರಿನಿಂದ ರಸವನ್ನು ಒಸರಿಸಿ ಮಣ್ಣಿನಲ್ಲಿ ಬಿಗಿದು ಕುಳಿತ ಧಾತುವನ್ನು ಕರಗಿಸಿಕೊಳ್ಳುತ್ತದೆ. ಪೈರಿನ ಈ ವರ್ತನೆಯನ್ನು ವಿಜ್ಞಾನಿಗಳು ಅತ್ಯಂತ ಕೂಲಂಕಷವಾಗಿ ಅಭ್ಯಾಸ ಮಾಡಿರುವ ಬೆಳೆಗಳಲ್ಲಿ ಗೋಧಿ ಒಂದು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಗೋಧಿಯ ಸೀಮೆಯಲ್ಲವೆಂಬುದು ನಮಗೆ ತಿಳಿಯದ ಸಂಗತಿಯೇನೂ ಅಲ್ಲ. ಇಲ್ಲಿ ಚಪಾತಿಯ ಹಿಟ್ಟು ಅಂಗಡಿಯಿಂದ ಬರುತ್ತದೆ. ನೆಲದಲ್ಲಿರುವುದು ಭತ್ತ ಮತ್ತು ಅಡಿಕೆ. ಹೀಗಿದ್ದೂ ಗೋಧಿಯ ಮಾತನ್ನು ಎತ್ತುವುದಕ್ಕೆ ಕಾರಣವಿದೆ. ಗೋಧಿಯ ಅಭ್ಯಾಸದಿಂದ ದೊರೆತ ತಿಳಿವು ನಮ್ಮ ತೋಟಗಳವರೆಗೆ ಬಂದಿಲ್ಲ; ಗೋಧಿಯ ನೆಲಕ್ಕೆ ಒಪ್ಪುವ ಏರ್ಪಾಡು ಮಾತ್ರ ಬದಲಾವಣೆಯಿಲ್ಲದೆ ಬಂದು ಕುಳಿತಿದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಆ ತಿಳಿವಿನ ವಿಚಾರ. ಲಂಡನ್ನಿನ ಉತ್ತರಕ್ಕಿರುವ ರೋಥಾಮ್‌ಸ್ಟೆಡ್ ಸಂಶೋಧನ ಕ್ಷೇತ್ರದಲ್ಲಿ ಬ್ರಾಡ್‌ಬಾಕ್ ಎಂಬ ಹೊಲವೊಂದಿದೆ. ಜಾನ್ ಲಾಸ್ ಎಂಬ ಜಮೀನುದಾರನೂ ಜೋಸೆಫ್ ಹೆನ್ರಿ ಗಿಲ್ಬರ್ಟ್ ಎಂಬ ರಸಾಯನಶಾಸ್ತ್ರಜ್ಞನೂ ಕೂಡಿ ೧೮೪೩ರಲ್ಲಿ ಅಲ್ಲಿ ಪಟ್ಟಿಪಟ್ಟಿಯಾಗಿ ಗೋಧಿಯ ಪ್ರಯೋಗವನ್ನು ಆರಂಭಿಸಿದರು. ಒಂದು ಪಟ್ಟಿಗೆ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ಬೇರೆ ಬೇರೆ ಲವಣಗಳು, ಒಂದಕ್ಕೆ ಏನೂ ಇಲ್ಲ. ಆ ಪ್ರಯೋಗ ಇಂದಿಗೂ ನಡೆಯುತ್ತಿದೆ. ಏನನ್ನೂ ಕೊಡದ ಪಟ್ಟಿ ನೂರೆಂಬತ್ತು ವರ್ಷ ಕಳೆದರೂ ಪೂರ್ತಿ ಬರಡಾಗದೆ ಹೆಕ್ಟೇರಿಗೆ ಒಂದು ಟನ್ನಿನ ಆಸುಪಾಸಿನಲ್ಲಿ ಕಾಳು ಕೊಡುತ್ತಲೇ ಇದೆ. ನಮಗೆ ಇದಕ್ಕಿಂತ ಉಪಯುಕ್ತವಾದುದು ಸಾರಜನಕವನ್ನು ಮಾತ್ರ ಪಡೆಯುತ್ತಿರುವ ಪಟ್ಟಿಯ ಕಥೆ. ಸಾರಜನಕದೊಡನೆ ರಂಜಕವನ್ನೂ ಪೊಟ್ಯಾಷನ್ನೂ ಪಡೆಯುವ ಪಟ್ಟಿಯ ಮುಂದೆ ಅದರ ಇಳುವರಿ ಬಹಳ ಕೆಳಗೆ ನಿಂತಿದೆ. ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ ಮೊದಲು ಹೇಳಿ, ಅನಂತರ ಲೀಬಿಗ್ ಪ್ರಚಾರಕ್ಕೆ ತಂದ ಕನಿಷ್ಠ ನಿಯಮದ ತಾತ್ಪರ್ಯವೂ ಇದೇ: ಬೆಳೆಯ ಮಿತಿಯನ್ನು ನಿರ್ಧರಿಸುವುದು ಅಗತ್ಯಕ್ಕೆ ಹೋಲಿಸಿದರೆ ಅತಿ ಕಡಿಮೆ ದೊರೆಯುವ ಧಾತು. ಉಳಿದುವನ್ನು ಎಷ್ಟು ಸುರಿದರೂ ಆ ಮಿತಿ ಮೇಲೇರದು.

ಹಾಗಾದರೆ ಯಾವುದು ಕಡಿಮೆಯಾಗಿದೆಯೆಂದು ತಿಳಿಯುವುದು ಹೇಗೆ? ಗೋಧಿಯ ಎಲೆ ಹಳದಿಯಾಯಿತು ಎಂದರೆ ಸಾಲದು. ಹಳದಿಯಾದುದು ಯಾವ ಎಲೆ ಎಂಬುದನ್ನು ನೋಡಬೇಕು. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಇವು ಗಿಡದ ಒಡಲಿನಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಬಲ್ಲ ಧಾತುಗಳು. ಬೇರಿನಿಂದ ಸರಬರಾಜು ಕುಗ್ಗಿದಾಗ ಗಿಡವು ಹಳೆಯ ಎಲೆಯಲ್ಲಿರುವ ಪ್ರೋಟೀನನ್ನೂ ಪತ್ರಹರಿತ್ತನ್ನೂ ಒಡೆದು, ಅಲ್ಲಿಯ ಸಾರಜನಕವನ್ನು ಎಳೆಯ ಎಲೆಗೆ ಕಳುಹಿಸುತ್ತದೆ. ಹಿರಿಯರು ತಾವು ಅರೆಹೊಟ್ಟೆಯಲ್ಲಿದ್ದು ಮಕ್ಕಳಿಗೆ ಬಡಿಸುವ ರೀತಿ ಇದು. ಆದುದರಿಂದ ಸಾರಜನಕದ ಕೊರತೆಯಲ್ಲಿ ಕೆಳಗಿನ ಎಲೆ ತುದಿಯಿಂದ ಹಳದಿಯಾಗುತ್ತ ಬರುತ್ತದೆ. ರಂಜಕದ ಕೊರತೆಯಲ್ಲಿ ಹಳದಿಯೇ ಕಾಣದೆ, ಎಲೆ ಮಂಕಾದ ಕಡುಹಸಿರಾಗಿ, ಕೆಲವೊಮ್ಮೆ ನೇರಳೆಯ ಛಾಯೆ ತಾಳಿ, ಗಿಡ ಗಿಡ್ಡಾಗಿ ನಿಲ್ಲುತ್ತದೆ. ತಿಳಿಯದವರು ಈ ಕಡುಹಸಿರನ್ನು ಆರೋಗ್ಯವೆಂದು ಭಾವಿಸುವುದುಂಟು. ಪೊಟ್ಯಾಸಿಯಂ ಸಾಲದಾಗ ಹಳೆಯ ಎಲೆಯ ತುದಿ, ಅಂಚುಗಳು ಸುಟ್ಟಂತಾಗುತ್ತವೆ. ಕಬ್ಬಿಣ, ಸುಣ್ಣ, ಬೋರಾನ್‌ಗಳ ಸ್ವಭಾವ ಬೇರೆ. ಒಮ್ಮೆ ಒಂದು ಎಲೆಯಲ್ಲಿ ನೆಲೆಗೊಂಡರೆ ಅವು ಅಲ್ಲಿಂದ ಸುಲಭವಾಗಿ ಕದಲವು. ಗಂಧಕವೂ ಬಹುಮಟ್ಟಿಗೆ ಹಾಗೆಯೇ. ಇವುಗಳ ಕೊರತೆಯ ಗುರುತು ಮೊದಲು ಕಾಣುವುದು ಎಳೆಯ ಎಲೆಯಲ್ಲಿ ಅಥವಾ ಸುಳಿಯಲ್ಲಿ. ಬೋರಾನ್ ಇಲ್ಲದ ನೆಲದಲ್ಲಿ ಗೋಧಿಯ ಎಲೆಯೆಲ್ಲ ಹಸಿರಾಗಿಯೇ ಇದ್ದು, ಪರಾಗ ಕೆಟ್ಟು ತೆನೆ ಮಾತ್ರ ಜೊಳ್ಳಾಗುವುದನ್ನು ನೇಪಾಳ, ಬಾಂಗ್ಲಾದೇಶಗಳಲ್ಲಿ ಕಂಡಿದ್ದಾರೆ.

ಇಷ್ಟು ತಿಳಿದ ಮೇಲೆ ನಮ್ಮ ಪೇಟೆಯ ಅಂಗಡಿಯಲ್ಲಿ ದಿನವೂ ಕೇಳಿಬರುವ ಮಾತನ್ನು ಪರಿಶೀಲಿಸಬಹುದು. "ಎಲೆ ಬಿಳಚಿಕೊಂಡಿದೆ ಮಾರಾಯ್ರೆ" ಎಂದರೆ "ಒಂದು ಚೀಲ ಯೂರಿಯಾ ಹಾಕಿ ನೋಡಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಂಗಡಿಯವನನ್ನು ದೂರುವುದರಲ್ಲಿ ಅರ್ಥವಿಲ್ಲ. ೨೦೧೦ರ ಏಪ್ರಿಲ್‌ನಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಪದ್ಧತಿ ಜಾರಿಗೆ ಬಂದ ಅನಂತರ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆ ಏರಿತು. ಯೂರಿಯಾ ಆ ಪದ್ಧತಿಯ ಹೊರಗುಳಿದು, ಸರ್ಕಾರ ಗೊತ್ತುಮಾಡಿದ ಅಗ್ಗದ ಬೆಲೆಯಲ್ಲಿಯೇ ಮುಂದುವರಿಯಿತು. ಕೈಗೆಟಕುವ ಬೆಲೆಯ ಗೊಬ್ಬರ ಒಂದೇ ಆದಾಗ ರೋಗವೂ ಒಂದೇ ಎಂದು ತೋರುವುದು ಸಹಜ.

ಹಳದಿ ಬಣ್ಣಕ್ಕೆ ಹಸಿವೇ ಕಾರಣವಾಗಬೇಕೆಂದೂ ಇಲ್ಲ. ತೀರ್ಥಹಳ್ಳಿಯಿಂದ ಕೊಪ್ಪ, ಶೃಂಗೇರಿಯವರೆಗೆ ಅಡಿಕೆ ತೋಟಗಳನ್ನು ಹಾಳುಗೆಡಹಿರುವ ಹಳದಿ ಎಲೆ ರೋಗಕ್ಕೆ ಫೈಟೊಪ್ಲಾಸ್ಮ ಎಂಬ ಅತಿಸೂಕ್ಷ್ಮ ಜೀವಿ ಕಾರಣ. ಅದನ್ನು ಮರದಿಂದ ಮರಕ್ಕೆ ಒಯ್ಯುವುದು ಒಂದು ಜಿಗಿಹುಳು. ಈಚಿನ ವರ್ಷಗಳಲ್ಲಿ ಮೂರು ತಾಲ್ಲೂಕುಗಳನ್ನೂ ಕಾಡುತ್ತಿರುವ ಎಲೆಚುಕ್ಕೆ ರೋಗ ಶಿಲೀಂಧ್ರದ್ದು. ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಉಂಟು. ಹಿಮಾಲಯದ ತಪ್ಪಲಿನ ತರಾಯಿ ಪ್ರದೇಶದಲ್ಲಿ ಭತ್ತದ ಪೈರು ಕಂದುಬಣ್ಣಕ್ಕೆ ತಿರುಗಿ ಸಾಯುತ್ತಿತ್ತು. ಜನ ಅದನ್ನು ಖೈರಾ ಎಂದು ಕರೆದರು. ಪಂತನಗರದ ವೈ. ಎಲ್. ನೆನೆ ಅವರು ೧೯೬೬ರಲ್ಲಿ ಅದು ಅಂಟುರೋಗವಲ್ಲ, ಸತುವಿನ ಕೊರತೆ ಎಂದು ತೋರಿಸಿಕೊಟ್ಟರು. ಸತುವಿನ ಸಲ್ಫೇಟನ್ನು ಸಿಂಪಡಿಸಿದರೆ ವಾಸಿಯಾಗುವ ಹಸಿವನ್ನು ರೋಗವೆಂದೂ, ಗೊಬ್ಬರಕ್ಕೆ ಜಗ್ಗದ ರೋಗವನ್ನು ಹಸಿವೆಂದೂ ತಿಳಿದರೆ ಹೋಗುವುದು ರೈತನ ಹಣ.

ಇನ್ನೊಂದು ಕಷ್ಟವಿದೆ. ಎಲೆಯ ಮೇಲೆ ಗುರುತು ಮೂಡುವ ವೇಳೆಗೆ ಇಳುವರಿಯ ಒಂದು ಪಾಲು ಆಗಲೇ ನಷ್ಟವಾಗಿರುತ್ತದೆ. ಗೋಧಿ ನಾಲ್ಕು ನಾಲ್ಕೂವರೆ ತಿಂಗಳ ಬೆಳೆ. ಈ ಸಾರಿ ತಪ್ಪಿದರೆ ಮುಂದಿನ ಬಿತ್ತನೆಗೆ ತಿದ್ದಿಕೊಳ್ಳಬಹುದು. ಅಡಿಕೆಯ ಸಸಿ ಫಲಕ್ಕೆ ಬರುವುದಕ್ಕೇ ಐದಾರು ವರ್ಷ ಬೇಕು, ಅನಂತರ ಒಂದು ತಲೆಮಾರನ್ನು ಅದು ಸಾಕಬೇಕು. ಇಂದು ಕೊಟ್ಟ ಗೊಬ್ಬರ ಸರಿಯೋ ತಪ್ಪೋ ಎಂಬುದನ್ನು ಅದು ಬೇಗ ತಿಳಿಸುವುದಿಲ್ಲ. ಆದಕಾರಣ ಇಲ್ಲಿ ಎಲೆಯನ್ನು ನೋಡಿ ಊಹಿಸುವುದಕ್ಕಿಂತ ಮಣ್ಣನ್ನು ಅಳೆದು ತಿಳಿಯುವುದು ಹೆಚ್ಚು ಅಗತ್ಯ.

ಮಣ್ಣಿನ ಮಾತಿಗೆ ಬಂದರೆ ಭೌತವಿಜ್ಞಾನ ಪಾಠ ಹೇಳುವ ನಮ್ಮಂಥವರಿಗೂ ಸ್ವಲ್ಪ ಅಧಿಕಾರವಿದೆಯೆಂದು ತಿಳಿಯುತ್ತೇವೆ. ಮಣ್ಣಿನಲ್ಲಿ ಧಾತು ಇದೆ ಎಂಬುದೂ ಅದು ಬೇರಿಗೆ ದೊರೆಯುತ್ತದೆ ಎಂಬುದೂ ಬೇರೆ ಬೇರೆ. ನೈಟ್ರೇಟು ನೀರಿನೊಡನೆ ಹರಿದು ಬೇರಿನ ಬಳಿಗೆ ಬರುತ್ತದೆ. ಮಳೆ ಜೋರಾದರೆ ಅದೇ ನೀರಿನೊಡನೆ ಬೇರನ್ನು ದಾಟಿ ಹೊಳೆಗೂ ಹೋಗುತ್ತದೆ. ಫಾಸ್ಫೇಟು ಹಾಗಲ್ಲ. ಅದು ಮಣ್ಣಿನ ಕಣಗಳಿಗೆ ಅಂಟಿಕೊಂಡು, ವಿಸರಣದಿಂದ ಮಾತ್ರ, ಅತಿ ನಿಧಾನವಾಗಿ ಸರಿಯುತ್ತದೆ. ಬೇರಿನ ಸುತ್ತ ಒಂದೆರಡು ಮಿಲಿಮೀಟರಿನೊಳಗಿನ ಫಾಸ್ಫೇಟನ್ನು ಹೀರಿ ಮುಗಿಸಿದರೆ ಆಚೆಗೆ ರಾಶಿಯಿದ್ದರೂ ಬೇರಿಗೆ ಎಟುಕದು. ರಂಜಕ ಸಾಲದ ಗೋಧಿಯು ಮೇಲಿನ ಬೆಳವಣಿಗೆಯನ್ನು ತಡೆದು, ತಯಾರಿಸಿದ ಸಕ್ಕರೆಯ ಹೆಚ್ಚಿನ ಪಾಲನ್ನು ಬೇರಿಗೆ ಕಳುಹಿಸಿ, ಬೇರಿನ ರೋಮಗಳನ್ನು ಉದ್ದವಾಗಿಸುವುದು ಈ ಕಾರಣದಿಂದ. ಕಬ್ಬಿಣ ಸಾಲದಾಗ ಹುಲ್ಲಿನ ಜಾತಿಯ ಪೈರುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಕಬ್ಬಿಣವನ್ನು ಹಿಡಿದುಕೊಂಡು ಬರಬಲ್ಲ ವಸ್ತುವನ್ನು ಅವು ಬೇರಿನಿಂದ ಹೊರಬಿಡುತ್ತವೆಂಬುದನ್ನು ಜಪಾನಿನ ತಕಾಗಿ ೧೯೭೬ರಲ್ಲಿ ವರದಿ ಮಾಡಿದರು. ಗೋಧಿಯೂ ಈ ಉಪಾಯವನ್ನು ಬಲ್ಲುದು.

ಆದರೆ ಬೇರೇ ಬೆಳೆಯದಂತಾದರೆ ಈ ಉಪಾಯಗಳೆಲ್ಲ ನಿಷ್ಫಲ. ಮಲೆನಾಡಿನ ಮುಖ್ಯ ತೊಂದರೆ ಇಲ್ಲಿಯೇ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಹೊಸನಗರದ ಹುಲಿಕಲ್ ಅದಕ್ಕೆ ಸರಿಸಾಟಿ. ಸಹಸ್ರಾರು ವರ್ಷಗಳಿಂದ ಇಂಥ ಮಳೆಯಲ್ಲಿ ತೊಳೆದ ಮಣ್ಣಿನಿಂದ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಸಿಯಂಗಳು ಕರಗಿ ಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳು ಉಳಿದಿವೆ. ಮನೆಗೋಡೆಗೆ ಕಡಿಯುವ ನಮ್ಮ ಜಂಬಿಟ್ಟಿಗೆ ಕಲ್ಲು ಇದೇ ಕ್ರಿಯೆಯ ಫಲ. ಆ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ೧೮೦೭ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಕೊಟ್ಟವನು ಫ್ರಾನ್ಸಿಸ್ ಬುಕನನ್. ಹೆಸರು ಹುಟ್ಟಿದುದು ಮಲಬಾರಿನ ಕಲ್ಲನ್ನು ನೋಡಿ. ಆದರೆ ಅದೇ ಪ್ರವಾಸದಲ್ಲಿ, ೧೮೦೧ರಲ್ಲಿ, ಅವನು ಇಕ್ಕೇರಿ, ಬಿದನೂರು ಸೀಮೆಯನ್ನೂ ಹಾದುಹೋಗಿದ್ದನು.

ಇಂಥ ಮಣ್ಣು ಹುಳಿ. ಪಿಎಚ್ ಮಾನದಲ್ಲಿ ಒಂದು ಅಂಶ ಇಳಿದರೆ ಜಲಜನಕದ ಅಯಾನುಗಳು ಹತ್ತು ಪಟ್ಟಾದುವೆಂದು ಅರ್ಥ. ಐದೂವರೆಗಿಂತ ಕೆಳಗಿಳಿದಂತೆ ಅಲ್ಯೂಮಿನಿಯಂ ಕರಗಿ ನೀರಿಗೆ ಬರುತ್ತದೆ. ಅದು ಬೇರಿನ ತುದಿಗೆ ವಿಷ. ತುದಿ ಮೊಂಡಾದ ಬೇರು ಹತ್ತಿರದ ಆಹಾರವನ್ನೂ ಮುಟ್ಟಲಾರದು. ಗೋಧಿಯ ಕೆಲವು ತಳಿಗಳು ಇದಕ್ಕೂ ಪ್ರತೀಕಾರವನ್ನು ಕಂಡುಕೊಂಡಿವೆ. ಸೇಬಿಗೆ ಹುಳಿಯನ್ನು ಕೊಡುವ ಮ್ಯಾಲಿಕ್ ಆಮ್ಲದ ರೂಪವೊಂದನ್ನು ಬೇರಿನ ತುದಿಯಿಂದ ಒಸರಿಸಿ, ಅವು ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತವೆ. ಈ ಗುಣದ ವಂಶವಾಹಿಯನ್ನು ಜಪಾನ್ ಮತ್ತು ಆಸ್ಟ್ರೇಲಿಯದ ಸಂಶೋಧಕರು ೨೦೦೪ರಲ್ಲಿ ಗುರುತಿಸಿದರು. ನಮ್ಮ ರೈತನು ತಳಿಯನ್ನು ಬದಲಿಸಿ ಗೆಲ್ಲುವಂತಿಲ್ಲ. ತೋಟ ಎಬ್ಬಿಸಿ ಆಗಿದೆ. ಅವನು ಮಣ್ಣಿನ ಹುಳಿಯನ್ನೇ ಇಳಿಸಬೇಕು. ಇಂಥಲ್ಲಿ ಯೂರಿಯಾ ಮಾಡುವುದೇನು? ಮಣ್ಣಿನ ಜೀವಾಣುಗಳು ಅದರಿಂದ ಬಂದ ಅಮೋನಿಯವನ್ನು ನೈಟ್ರೇಟಾಗಿ ಪರಿವರ್ತಿಸುವಾಗ ಜಲಜನಕದ ಅಯಾನುಗಳು ಬಿಡುಗಡೆಯಾಗುತ್ತವೆ. ನೈಟ್ರೇಟು ಮಳೆಗೆ ತೊಳೆದುಹೋದರೆ ಹುಳಿ ಮಾತ್ರ ಹಿಂದುಳಿಯುತ್ತದೆ. ಹಸಿವೆಂದು ಕೊಟ್ಟುದು ಹಸಿವಿನ ಕಾರಣವನ್ನೇ ಬೆಳೆಸುತ್ತದೆ.

ತೋಟದಿಂದ ನೂರು ಮಾರು ಇಳಿದು ಗದ್ದೆಗೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ನೀರು ನಿಂತ ಮಣ್ಣಿಗೆ ಆಮ್ಲಜನಕದ ಅಭಾವ. ಅನಿಲಗಳು ನೀರಿನಲ್ಲಿ ವಿಸರಿಸುವ ವೇಗ ಗಾಳಿಯಲ್ಲಿಯದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಆಗ ಮಣ್ಣಿನ ಕಬ್ಬಿಣ ಕರಗುವ ರೂಪಕ್ಕೆ ಇಳಿಯುತ್ತದೆ, ಹುಳಿ ತಾನಾಗಿ ಕಡಿಮೆಯಾಗುತ್ತದೆ, ಅಂಟಿಕೊಂಡಿದ್ದ ಫಾಸ್ಫೇಟಿನ ಒಂದು ಭಾಗವೂ ಸಡಿಲವಾಗುತ್ತದೆ. ಆದುದರಿಂದ ತೋಟಕ್ಕೆ ಬೇಕಾದಷ್ಟು ಸುಣ್ಣ ನೀರುನಿಲ್ಲುವ ಗದ್ದೆಗೆ ಬೇಕಾಗುವುದಿಲ್ಲ. ಆದರೆ ಗುಡ್ಡದ ಒರತೆ ಬಂದು ಸೇರುವ ಜೌಗುಗದ್ದೆಯಲ್ಲಿ ಕಬ್ಬಿಣ ಮಿತಿಮೀರುವುದುಂಟು. ನೀರಿನ ಮೇಲೆ ತುಕ್ಕುಬಣ್ಣದ ಕೆನೆ ಕಟ್ಟುತ್ತದೆ, ಭತ್ತದ ಹಳೆಯ ಎಲೆಯಲ್ಲಿ ತುದಿಯಿಂದ ಕಂದುಚುಕ್ಕೆಗಳು ಹರಡುತ್ತವೆ. ನೋಡುವವರಿಗೆ ಇದೂ ಹಸಿವಿನಂತೆಯೇ ತೋರುತ್ತದೆ. ವಾಸ್ತವವಾಗಿ ಅದು ಅಜೀರ್ಣ. ಬಸಿಗಾಲುವೆ ತೆಗೆದು ನೀರನ್ನು ಹೊರಡಿಸುವುದು, ಪೊಟ್ಯಾಷ್ ಕೊಡುವುದು ಇದಕ್ಕೆ ಪರಿಹಾರ. ಅಡಿಕೆಯ ತಲೆಯನ್ನು ಮುದುಡಿಸುವ ಹಿಡಿಮುಂಡಿಗೆಗೂ ಗಟ್ಟಿನೆಲ, ನೀರು ಬಸಿಯದಿರುವಿಕೆ ಇವೇ ಮುಖ್ಯ ಕಾರಣಗಳೆಂದು ಬಲ್ಲವರು ಹೇಳುತ್ತಾರೆ. ಉಸಿರಾಡಲಾರದ ಬೇರಿಗೆ ಬಡಿಸಿ ಫಲವೇನು?

ನಮ್ಮ ಹಿರಿಯರ ಪದ್ಧತಿಯನ್ನು ಇಲ್ಲಿ ನೆನೆಯಬೇಕು, ಹೊಗಳುವುದಕ್ಕಲ್ಲ, ಲೆಕ್ಕ ಹಾಕುವುದಕ್ಕೆ. ಸೊಪ್ಪಿನಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಗೆ ಬಂದು ಗೊಬ್ಬರವಾಗಿ ತೋಟ ಸೇರುತ್ತಿದ್ದುವು. ಬೆಟ್ಟದ ಮರಗಳು ಆಳದಿಂದ ಎತ್ತಿದ ಸುಣ್ಣ, ಪೊಟ್ಯಾಷ್‌ಗಳೇ ಆ ಸೊಪ್ಪಿನಲ್ಲಿದ್ದುವು. ತೋಟದ ಫಲವತ್ತತೆ ಬೆಟ್ಟದಿಂದ ತಂದ ಕಡ. ಒಲೆಯ ಬೂದಿಯೂ ಬುಡಕ್ಕೆ ಬೀಳುತ್ತಿತ್ತು. ಬೂದಿಯೆಂದರೆ ಪೊಟ್ಯಾಷೂ ಹೌದು, ಹುಳಿಯನ್ನು ಕಳೆಯುವ ಕ್ಷಾರವೂ ಹೌದು. ಈಗ ಅನೇಕ ಬೆಟ್ಟಗಳು ಬೋಳಾಗಿವೆ, ಸೊಪ್ಪು ಕೊಯ್ಯುವ ಆಳಿಲ್ಲ, ಕೊಟ್ಟಿಗೆಯಲ್ಲಿ ದನಗಳು ಕಡಿಮೆ, ಅಡುಗೆಮನೆಗೆ ಅನಿಲ ಬಂದು ಬೂದಿ ಇಲ್ಲವಾಗಿದೆ. ಹೊಗೆ ತಪ್ಪಿದುದು ಮನೆಯ ಹೆಂಗಸರಿಗೆ ದೊಡ್ಡ ಉಪಕಾರ. ಅದನ್ನು ಅಲ್ಲಗಳೆಯುವವರು ಯಾರೂ ಇರಲಾರರು. ಆದರೆ ಬೂದಿಯೊಡನೆ ನಿಂತುಹೋದ ಪೊಟ್ಯಾಷಿಗೆ ಬದಲಿ ಯಾವುದೆಂದು ಲೆಕ್ಕ ಹಾಕಿದವರೂ ವಿರಳ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾಲಯ ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಹೇಳಿರುವುದು ೧೦೦ ಗ್ರಾಂ ಸಾರಜನಕ, ರಂಜಕ ಆಕ್ಸೈಡಿನ ಲೆಕ್ಕದಲ್ಲಿ ೪೦ ಗ್ರಾಂ, ಪೊಟ್ಯಾಷ್ ೧೪೦ ಗ್ರಾಂ. ಇವುಗಳೊಡನೆ ೧೨ ಕಿಲೊಗ್ರಾಂ ಹಸಿರು ಸೊಪ್ಪು ಮತ್ತು ಅಷ್ಟೇ ಕೊಟ್ಟಿಗೆ ಗೊಬ್ಬರ. ಎಂದರೆ ಸುಮಾರು ೨೧೭ ಗ್ರಾಂ ಯೂರಿಯಾ ಹಾಕುವವನು ೨೩೩ ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷನ್ನೂ ಹಾಕಬೇಕು. ಸಾರಜನಕಕ್ಕಿಂತ ಪೊಟ್ಯಾಷ್ ಹೆಚ್ಚು ಬೇಕೆಂಬುದನ್ನು ಗಮನಿಸಿರಿ.

ಇಷ್ಟಾದ ಮೇಲೆ ಮಣ್ಣು ಆರೋಗ್ಯ ಚೀಟಿಯ ವಿಚಾರ. ಈ ಯೋಜನೆ ೨೦೧೫ರ ಫೆಬ್ರವರಿ ೧೯ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಆರಂಭವಾಯಿತು. ಕಾಲುವೆಯ ನೀರಿನಲ್ಲಿ ಗೋಧಿ ಬೆಳೆಯುವ, ಮಳೆ ಅತ್ಯಲ್ಪವಾದ, ಸಮತಟ್ಟಾದ ಸೀಮೆ ಅದು. ಯೋಜನೆಯ ಉದ್ದೇಶ ಒಳ್ಳೆಯದು; ದೇಶದ ರೈತನ ಕೈಗೆ ಅವನ ಮಣ್ಣಿನ ವಿವರವನ್ನು ಕೊಡಬೇಕೆಂಬ ಸಂಕಲ್ಪವನ್ನು ನಾವು ಗೌರವಿಸುತ್ತೇವೆ. ಆದರೆ ಅಂದು ಗೊತ್ತುಪಡಿಸಿದ ಕ್ರಮವನ್ನು ನೋಡಿರಿ. ನೀರಾವರಿ ನೆಲದಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತ ನೆಲದಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿ. ಸೂರತ್‌ಗಢದ ಬಯಲಿನಲ್ಲಿ ಹತ್ತು ಹೆಕ್ಟೇರು ಒಂದೇ ಬಗೆಯ ನೆಲವಾಗಿರಬಹುದು. ಹೊಸನಗರದಲ್ಲಿ ಹತ್ತು ಹೆಕ್ಟೇರೆಂದರೆ ಮೇಲೆ ಕಾನು, ಅದರ ಪಕ್ಕಕ್ಕೆ ಬ್ಯಾಣ, ಇಳಿಜಾರಿನಲ್ಲಿ ಸೊಪ್ಪಿನಬೆಟ್ಟ, ಕೆಳಗೆ ತೋಟ, ಅದರ ಕೆಳಗೆ ಮಕ್ಕಿಗದ್ದೆ, ತಳದಲ್ಲಿ ಜೌಗುಗದ್ದೆ. ಇವುಗಳಲ್ಲಿ ಯಾವ ಮಣ್ಣನ್ನು ತೆಗೆದು ಯಾರ ಚೀಟಿಯಲ್ಲಿ ಬರೆಯಬೇಕು? ತೋಟದ ಮಣ್ಣಿನ ಫಲಿತಾಂಶ ಗದ್ದೆಯವನ ಕೈಗೆ ಬಂದರೆ ಬೇಡದ ಸುಣ್ಣಕ್ಕೆ ಹಣ ತೆರುತ್ತಾನೆ; ಗದ್ದೆಯದು ತೋಟದವನಿಗೆ ಬಂದರೆ ಬೇಕಾದ ಸುಣ್ಣವನ್ನು ಬಿಡುತ್ತಾನೆ.

ಇನ್ನು ಚೀಟಿಯಲ್ಲಿರುವ ಹನ್ನೆರಡು ಅಂಶಗಳು: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್, ವಿದ್ಯುದ್ವಾಹಕತೆ, ಸಾವಯವ ಇಂಗಾಲ. ವಿದ್ಯುದ್ವಾಹಕತೆಯಿಂದ ಮಣ್ಣಿನ ಉಪ್ಪು ತಿಳಿಯುತ್ತದೆ. ಕಾಲುವೆ ನೀರಿನ ಒಣಸೀಮೆಗೆ ಅದು ಪ್ರಾಣಸಮಾನವಾದ ಮಾಹಿತಿ. ಆಗುಂಬೆಯ ಮಳೆಯಲ್ಲಿ ತೊಳೆದ ಮಣ್ಣಿನಲ್ಲಿ ಉಪ್ಪನ್ನು ಹುಡುಕಿ ಆಗಬೇಕಾದುದೇನು? ನಮ್ಮ ಮಳೆ ಮೊದಲು ಕದ್ದೊಯ್ಯುವ ಸುಣ್ಣ ಮತ್ತು ಮೆಗ್ನೀಸಿಯಂಗಳಿಗೆ ಈ ಹನ್ನೆರಡರಲ್ಲಿ ಜಾಗವಿಲ್ಲ. ಅಲ್ಯೂಮಿನಿಯಂ ಹೆಸರೂ ಇಲ್ಲ. ಪಿಎಚ್ ಇದೆಯಲ್ಲ ಎನ್ನಬಹುದು. ಪಿಎಚ್ ಹುಳಿ ಇದೆಯೆಂದು ಹೇಳುತ್ತದೆಯೇ ಹೊರತು ಎಷ್ಟು ಸುಣ್ಣ ಬೇ��ೆಂದು ಹೇಳುವುದಿಲ್ಲ. ಜಿಗುಟು ಮಣ್ಣಿಗೂ ಮರಳು ಮಣ್ಣಿಗೂ ಪಿಎಚ್ ಒಂದೇ ಆಗಿದ್ದರೂ ಬೇಕಾಗುವ ಸುಣ್ಣದಲ್ಲಿ ಬಹಳ ಅಂತರವಿರುತ್ತದೆ; ಅದಕ್ಕೆ ಬೇರೆಯ ಪರೀಕ್ಷೆಯುಂಟು.

ಮಲೆನಾಡಿಗೆ ಬೇಕಾಗಿರುವುದು ಬೇರೆಯದೇ ಆದ ಚೀಟಿ. ಮಾದರಿಯನ್ನು ಹೆಕ್ಟೇರಿನ ಚೌಕದ ಲೆಕ್ಕದಲ್ಲಿ ತೆಗೆಯದೆ ತೋಟ, ಮಕ್ಕಿ, ಜೌಗು ಎಂದು ನೆಲದ ಬಗೆಗೊಂದರಂತೆ ತೆಗೆಯಬೇಕು; ವಾಹಕತೆಯ ಸ್ಥಳದಲ್ಲಿ ಸುಣ್ಣದ ಅಗತ್ಯ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬರೆಯಬೇಕು. ಇದನ್ನು ಕೇಳಲು ದೂರ ಹೋಗಬೇಕಾಗಿಲ್ಲ. ೨೦೧೨ರಲ್ಲಿ ಸ್ಥಾಪಿತವಾಗಿ ಈಗ ಕೆಳದಿ ಶಿವಪ್ಪ ನಾಯಕನ ಹೆಸರನ್ನು ಹೊತ್ತಿರುವ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿಯೇ ಇದೆ. ಮಾದರಿಗಳ ಸಂಖ್ಯೆ ಹೆಚ್ಚಾದರೆ ಪ್ರಯೋಗಶಾಲೆ ಸಾಲದೆಂಬ ಆಕ್ಷೇಪ ಬರುವುದು ನಿಶ್ಚಯ, ಅದು ನ್ಯಾಯವೂ ಹೌದು. ಅದರ ಒಂದು ಪಾಲನ್ನು ಮೂರೂ ತಾಲ್ಲೂಕುಗಳ ಕಾಲೇಜುಗಳು ಹೊರಬಹುದು. ಪಿಎಚ್ ಮಾಪಕವೆಂದರೆ ಒಂದು ವಿದ್ಯುತ್‌ಕೋಶ. ೨೫ ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ ಒಂದು ಅಂಶ ವ್ಯತ್ಯಾಸವಾದರೆ ಸುಮಾರು ೫೯ ಮಿಲಿವೋಲ್ಟ್ ತೋರಿಸುತ್ತದೆ. ಬಿ.ಎಸ್‌ಸಿ. ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಯಾವುದಿದೆ? ಸೀಸೆಯ ದ್ರಾವಣವನ್ನೇ ವರ್ಷವೂ ಅಳೆಯುವ ಬದಲು ತನ್ನ ಮನೆಯ ತೋಟದ ಮಣ್ಣನ್ನು, ಒಂದು ಪಾಲಿಗೆ ಎರಡೂವರೆ ಪಾಲು ಬಟ್ಟಿಯಿಳಿಸಿದ ನೀರಿನಲ್ಲಿ ಕದಡಿ ಅಳೆಯಲಿ. ಹುಳಿ ಹೆಚ್ಚೆಂದು ಕಂಡ ಮಾದರಿಗಳನ್ನು ಮಾತ್ರ ದೊಡ್ಡ ಪ್ರಯೋಗಶಾಲೆಗೆ ಕಳುಹಿಸಿದರೆ ಅಲ್ಲಿಯ ಹೊರೆಯೂ ಇಳಿಯುತ್ತದೆ.

ಮಾದರಿ ತೆಗೆಯಲು ಮಳೆಗಾಲ ಮುಗಿದು ನೆಲ ಆರಿದ ಮೇಲಿನ, ಗೊಬ್ಬರ ಹಾಕುವುದಕ್ಕೆ ಮುಂಚಿನ ದಿನಗಳು ತಕ್ಕುವು. ತೋಟದಲ್ಲಿ ಮರದ ಬುಡದಿಂದ ಎರಡು ಮೂರು ಅಡಿ ದೂರದಲ್ಲಿ, ಮೇಲಿನ ಕಸವನ್ನು ಸರಿಸಿ, ಒಂದು ಅಡಿ ಆಳದವರೆಗೆ. ಗದ್ದೆಯಲ್ಲಿ ಅರ್ಧ ಅಡಿ ಸಾಕು. ಒಂದೇ ಬಗೆಯ ನೆಲದಲ್ಲಿ ಹತ್ತು ಹನ್ನೆರಡು ಕಡೆ ತೆಗೆದ ಮಣ್ಣನ್ನು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲುಗಳನ್ನು ಬಿಡುತ್ತ ಬಂದು, ಕೊನೆಗೆ ಉಳಿದ ಅರ್ಧ ಕಿಲೊಗ್ರಾಮನ್ನು ನೆರಳಿನಲ್ಲಿ ಒಣಗಿಸಬೇಕು. ಗೊಬ್ಬರದ ಖಾಲಿ ಚೀಲದಲ್ಲಿ ಮಾತ್ರ ಅದನ್ನು ತುಂಬಬಾರದು. ಚೀಲದ ಮೂಲೆಯಲ್ಲಿ ಉಳಿದ ನಾಲ್ಕು ಹರಳು ಯೂರಿಯಾ ಸಾಕು, ಇಡೀ ಪರೀಕ್ಷೆಯನ್ನು ಕೆಡಿಸಲು.